ಓದುಗರ ಪ್ರಶ್ನೆ: ಬಸ್ಟರ್ ಕೀಟನ್ ಯಾಕೆ ನಗ್ತಿರ್ಲಿಲ್ಲ?

ಹಿಂದಿನ ಸಂಚಿಕೆಲಿ ಅಮೆರಿಕದ ಮೂಕಿ ಸಿನಿಮಾ ಕಾಲದ ನಟ, ನಿರ್ದೇಶಕ ಬಸ್ಟರ್ ಕೀಟನ್ ಬಗ್ಗೆ ಒಂದು ಪ್ರಶ್ನೆಗೆ ನಾಲ್ಕು ಸಾಲಲ್ಲಿ ಉತ್ತರ ಕೊಟ್ಟಿದ್ದೆ. ಅದನ್ನ ಓದಿ ಇಷ್ಟೊಂದು ಜನ ಬರೀತಾರೆ ಅಂತ ಅಂದ್ಕೊಂಡಿರ್ಲಿಲ್ಲ, ತುಂಬಾ ಖುಷಿ ಆಯ್ತು, ಹಾಗಾಗಿ ಈ ಸಲದ ಕಾಲಂ ಪೂರ್ತಿ ಅವನಿಗೇ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ.

ಪ್ರಶ್ನೆ: ಸರ್, ಇಡೀ ಮನೆ ಗೋಡೆ ಕೀಟನ್ ಮೇಲೆ ಬೀಳುತ್ತೆ, ಅವನು ಕಿಟಕಿ ಬೀಳೋ ಜಾಗದಲ್ಲೇ ನಿಂತಿದ್ದಕ್ಕೆ ಬದುಕ್ಕೋತಾನೆ, ಆ ಕ್ಲಿಪ್ ಮೊಬೈಲಿಗೆ ಬಂತು. ನಿಜವಾದ ಗೋಡೆನಾ ಅಥವಾ ಕ್ಯಾಮೆರಾ ಟ್ರಿಕ್ಕಾ?

ನಿಜವಾದ ಗೋಡೆನೇ, ನಿಜವಾದ ಮನುಷ್ಯನೇ. 1928ರಲ್ಲಿ ಬಂದ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಸಿನಿಮಾದ ಸೀನ್ ಅದು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋದಲ್ಲಿ ನದಿ ದಡದ ಮೇಲೆ ಒಂದು ಊರಿನಷ್ಟು ಸೆಟ್ ಹಾಕಿ ತೆಗೆದಿದ್ದು. ಮೊದಲು ಕತೆಲಿ ಇದ್ದಿದ್ದು ಪ್ರವಾಹ, ಆದ್ರೆ ಅದರ ಹಿಂದಿನ ವರ್ಷ ಅಮೆರಿಕದಲ್ಲಿ ಮಿಸಿಸಿಪ್ಪಿ ನದಿ ಉಕ್ಕಿ ತುಂಬಾ ಜನ ಸತ್ತಿದ್ರು, ಅದನ್ನ ಇಟ್ಕೊಂಡು ಜನರನ್ನ ನಗಿಸೋದು ಬೇಡ ಅಂತ ಪ್ರವಾಹ ತೆಗೆದು ಚಂಡಮಾರುತ ಮಾಡಿದ್ರು, ಗಾಳಿಗೆ ವಿಮಾನದ ಎಂಜಿನ್‌ಗಳನ್ನ ತಂದು ನಿಲ್ಲಿಸಿದ್ರು.

ಗೋಡೆ ಸುಮಾರು ಎರಡು ಟನ್ ತೂಕ. ಹಗುರವಾಗಿ ಮಾಡಬಹುದಿತ್ತಲ್ಲ ಅಂತ ನಮಗೆ ಅನ್ಸುತ್ತೆ, ಆದ್ರೆ ಹಗುರ ಇದ್ರೇನೇ ಅಪಾಯ ಜಾಸ್ತಿ, ಆ ಗಾಳಿಗೆ ಗೋಡೆ ತಿರುಚಿ ಒಂದು ಕಡೆ ವಾಲಿಬಿಡುತ್ತೆ, ಕಿಟಕಿ ಎಲ್ಲಿ ಬೀಳುತ್ತೆ ಅಂತ ಹೇಳೋಕಾಗಲ್ಲ. ಭಾರ ಇದ್ರೆ ಬುಡದ ಕೀಲಿನ ಮೇಲೆ ನೆಟ್ಟಗೆ ಮಡಚಿಕೊಂಡು ಬೀಳುತ್ತೆ. ಎಲ್ಲಿ ಬೀಳುತ್ತೆ ಅಂತ ಅಳತೆ ಮಾಡಿ ನೆಲದಲ್ಲಿ ಮೊಳೆ ಹೊಡೆದು ಗುರುತು ಹಾಕಿದ್ರು, ಕೀಟನ್ ಅದರ ಮೇಲೆ ಕಾಲಿಟ್ಟು ನಿಂತ. ತಲೆಗೂ ಭುಜಕ್ಕೂ ಕಿಟಕಿ ಚೌಕಟ್ಟಿಗೂ ನಡುವೆ ಇದ್ದಿದ್ದು ಕೆಲವೇ ಇಂಚು. ಕ್ಯಾಮೆರಾ ಹಿಂದೆ ಇದ್ದವರೇ ಮುಖ ಆಚೆ ತಿರುಗಿಸ್ಕೊಂಡ್ರು ಅಂತ ಕೀಟನ್ ಆಮೇಲೆ ಹೇಳ್ತಿದ್ದ. ಒಂದೇ ಟೇಕ್.

ಇನ್ನೊಂದು ಸಲ ನೋಡುವಾಗ ಎರಡು ವಿಷಯ ಗಮನಿಸಿ. ಒಂದು, ಗೋಡೆ ಬೀಳುವಾಗ ಅವನು ಕಣ್ಣು ಮೇಲೆತ್ತಲ್ಲ, ಕುಗ್ಗಲ್ಲ, ಕತ್ತಿನ ಹಿಂದೆ ಕೈ ಇಟ್ಕೊಂಡು ಏನೋ ಯೋಚಿಸ್ತಾ ನಿಂತಿರ್ತಾನೆ. ಎರಡು, ಕ್ಯಾಮೆರಾ ದೂರದಲ್ಲಿದೆ, ಮನೆ ಪೂರ್ತಿ ಕಾಣುತ್ತೆ, ಮನುಷ್ಯನೂ ಪೂರ್ತಿ ಕಾಣ್ತಾನೆ, ಮಧ್ಯೆ ಕಟ್ ಇಲ್ಲ. ನನ್ನ ಪ್ರಕಾರ ಕೀಟನ್ ಅಂದ್ರೆ ಇದೇ. ಪ್ರೇಕ್ಷಕನಿಗೆ ಮೋಸ ಮಾಡಬಾರದು, ಆಗಿದ್ದು ಆಗಿದ್ದೇ ಅಂತ ಅವನಿಗೆ ಕಣ್ಣಾರೆ ಕಾಣಬೇಕು, ಆಗ ಮಾತ್ರ ಆ ನಗು ನಿಜ ಅಂತ ಅವನು ನಂಬಿದ್ದ. ಮತ್ತೆ ಈ ಐಡಿಯಾ ಒಂದು ದಿನದಲ್ಲಿ ಹುಟ್ಟಿದ್ದಲ್ಲ, 1919ರಲ್ಲಿ ಆಗಿನ ಹೆಸರಾಂತ ಹಾಸ್ಯನಟ ರೋಸ್ಕೋ ಆರ್ಬಕಲ್ ಜೊತೆ ಮಾಡಿದ ಕಿರುಚಿತ್ರದಲ್ಲಿ ನಾಟಕದ ಹಗುರ ಪರದೆ ಬೀಳುತ್ತೆ, 1920ರ ‘ಒನ್ ವೀಕ್’ನಲ್ಲಿ ಸ್ವಲ್ಪ ದೊಡ್ಡ ಗೋಡೆ ಬೀಳುತ್ತೆ, ಎಂಟು ವರ್ಷ ಆದ್ಮೇಲೆ ಇದು.

ಪ್ರಶ್ನೆ: ಅವನು ಒಂದು ಸಿನಿಮಾದಲ್ಲೂ ನಗಲ್ವಲ್ಲ, ಏನಾದ್ರೂ ಕಾಯಿಲೆನಾ? ‘ಬಸ್ಟರ್’ ಅನ್ನೋ ಹೆಸರು ಹೇಗೆ ಬಂತು?

ಕಾಯಿಲೆ ಏನೂ ಇಲ್ಲ, ಚಿಕ್ಕಂದಿನಲ್ಲಿ ಕಲಿತ ಕಸುಬು. ಹುಟ್ಟಿದ್ದು 1895ರ ಅಕ್ಟೋಬರ್ 4, ಕಾನ್ಸಸ್‌ನ ಪಿಕ್ವಾ ಅನ್ನೋ ಚಿಕ್ಕ ಊರಲ್ಲಿ. ಅಪ್ಪ ಜೋ, ಅಮ್ಮ ಮೈರಾ ಇಬ್ಬರೂ ಊರೂರು ತಿರುಗೋ ರಂಗದ ಕಲಾವಿದರು, ತಿರುಗಾಟದ ಮಧ್ಯೆ ಆ ಊರಲ್ಲಿದ್ದಾಗ ಹೆರಿಗೆ ಆಯ್ತು, ಅಷ್ಟೇ ಆ ಊರಿನ ನಂಟು. ನಿಜವಾದ ಹೆಸರು ಜೋಸೆಫ್. ಮಗು ಇದ್ದಾಗ ಮೆಟ್ಟಿಲಿಂದ ಉರುಳಿ ಬಿದ್ದು ಏನೂ ಆಗದೆ ಎದ್ದು ಕೂತ, ಅದನ್ನ ನೋಡಿ ಜಾದೂಗಾರ ಹೂಡಿನಿ ‘ಬಸ್ಟರ್’ (ಆಗಿನ ಆಡುಮಾತಲ್ಲಿ ಜೋರಾಗಿ ಬೀಳೋದು) ಅಂತ ಕರೆದ ಅನ್ನೋದು ಮನೆಯವರು ಹೇಳ್ತಾ ಬಂದ ಕತೆ. ಹೂಡಿನಿ ಆ ಮನೆಗೆ ಬೇಕಾದವನು ಅನ್ನೋದು ನಿಜ, ಆದ್ರೆ ಹೆಸರಿನ ಕತೆಗೆ ಆಮೇಲೆ ಬಣ್ಣ ಹಚ್ಚಿದ್ದಾರೆ ಅಂತ ಜೀವನಚರಿತ್ರೆ ಬರೆದ ಎಷ್ಟೋ ಜನರ ಅಭಿಪ್ರಾಯ.

ಐದು ವರ್ಷ ತುಂಬೋ ಹೊತ್ತಿಗೆ ಸ್ಟೇಜ್ ಹತ್ತಿಸಿದ್ರು, ‘ತ್ರೀ ಕೀಟನ್ಸ್’ ಅಂತ ಆಟದ ಹೆಸರು. ಅಪ್ಪ ಮಗನಿಗೆ ಶಿಸ್ತು ಕಲಿಸೋಕೆ ಹೋಗೋದು, ಮಗ ಕೀಟಲೆ ಮಾಡೋದು, ಅಪ್ಪ ಅವನನ್ನ ಎತ್ತಿ ಬಿಸಾಡೋದು. ಹಿಡ್ಕೊಂಡು ಎಸೆಯೋಕೆ ಅನುಕೂಲ ಆಗ್ಲಿ ಅಂತ ಹುಡುಗನ ಬಟ್ಟೆ ಬೆನ್ನಿಗೆ ಸೂಟ್‌ಕೇಸ್ ಹಿಡಿ ಹೊಲಿದಿದ್ರು. ಮಕ್ಕಳ ರಕ್ಷಣೆ ಸಂಘದವರು ಮತ್ತೆ ಮತ್ತೆ ಬಂದು ಹುಡುಗನ ಮೈ ಮೇಲೆ ಗಾಯ ಇದ್ಯಾ ಅಂತ ತಪಾಸಣೆ ಮಾಡಿದ್ರು. ಬೀಳೋದು ಹೇಗೆ ಅಂತ ಅವನಿಗೆ ಅಷ್ಟೊತ್ತಿಗೆ ರಕ್ತಗತ ಆಗಿತ್ತು, ಏಟು ತಿಂದಿದ್ದು ಕಮ್ಮಿ ಅಂತ ಕೊನೇವರೆಗೂ ಹೇಳ್ದ. ನನಗೆ ಮಾತ್ರ ಅದನ್ನ ಓದುವಾಗೆಲ್ಲ ಸಂಕಟ ಆಗುತ್ತೆ, ಅಪ್ಪ ಕುಡಿಯೋಕೆ ಶುರು ಮಾಡಿದ ಮೇಲಂತೂ ಎಸೆತದ ಲೆಕ್ಕ ತಪ್ತಾ ಹೋಯ್ತು, 1917ರಲ್ಲಿ ಅಮ್ಮನೂ ಮಗನೂ ಆಟ ನಿಲ್ಲಿಸಿ ಹೊರಟುಬಿಟ್ರು.

ನಗದೇ ಇರೋದು ಆ ಸ್ಟೇಜಿನ ಪಾಠ. ಎಸೆದ ಮೇಲೆ ಹುಡುಗ ತಾನೂ ನಕ್ರೆ ಜನ ಅಷ್ಟಾಗಿ ನಗ್ತಿರ್ಲಿಲ್ಲ, ಮುಖ ಗಟ್ಟಿಯಾಗಿ ಇಟ್ಕೊಂಡ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ಆದ್ರೆ ಜನ ಅದನ್ನ ಕಲ್ಲು ಮುಖ ಅಂತಾರಲ್ಲ, ಅದನ್ನ ನಾನು ಒಪ್ಪಲ್ಲ, ಕಣ್ಣು ನೋಡಿ, ಭಯ, ನಾಚಿಕೆ, ಪ್ರೀತಿ, ಲೆಕ್ಕಾಚಾರ ಎಲ್ಲ ಅಲ್ಲೇ ಓಡ್ತಿರುತ್ತೆ. ಮತ್ತೆ ಆರ್ಬಕಲ್ ಜೊತೆ ಮಾಡಿದ ಮೊದಮೊದಲ ಕಿರುಚಿತ್ರಗಳಲ್ಲಿ ಅವನು ನಗೋದೂ ಇದೆ.

ಪ್ರಶ್ನೆ: ಆ ಚಪ್ಪಟೆ ಟೋಪಿ ಎಲ್ಲಿಂದ ತರಿಸ್ತಿದ್ದ?

ತರಿಸ್ತಿರ್ಲಿಲ್ಲ, ತಾನೇ ಮಾಡ್ಕೊಳ್ತಿದ್ದ. ಒಳ್ಳೆ ಸ್ಟೆಟ್ಸನ್ ಟೋಪಿ ತಗೊಂಡು ಕತ್ತರಿಸಿ ಎತ್ತರ ಇಳಿಸಿ, ಒಂದು ಕಪ್ ಬೆಚ್ಚಗಿನ ನೀರಿಗೆ ಮೂರು ಚಮಚ ತುಂಬಾ ಸಕ್ಕರೆ ಕಲಸಿ ಅಂಚನ್ನ ಅದರಲ್ಲಿ ನೆನೆಸಿ, ಸಮತಟ್ಟು ಜಾಗದ ಮೇಲೆ ಒತ್ತಿ ಒಣಗಿಸೋದು. ಒಣಗಿದ ಮೇಲೆ ಅಂಚು ಹಲಗೆ ಥರ ಗಟ್ಟಿ. ನೀರಿಗೆ ಬಿದ್ರೆ ಹಾಳು, ಅವನ ಸಿನಿಮಾದಲ್ಲಿ ನೀರಿಗೆ ಬೀಳದೇ ಇರೋದು ಯಾವುದಿದೆ ಹೇಳಿ, ಹಾಗಾಗಿ ಒಂದೊಂದು ಸಿನಿಮಾಗೂ ಎಷ್ಟೋ ಟೋಪಿ ಬೇಕಾಗ್ತಿತ್ತು.

ಪ್ರಶ್ನೆ: ಅವನ ಸಿನಿಮಾ ಟೈಟಲ್ ಕಾರ್ಡಲ್ಲಿ ನಿರ್ದೇಶಕ ಅಂತ ಬೇರೆಯವರ ಹೆಸರೂ ಇರುತ್ತೆ. ಹಾಗಾದ್ರೆ ಕೀಟನ್‌ನ ನಿರ್ದೇಶಕ ಅನ್ನೋದು ಎಷ್ಟು ಸರಿ?

ಒಳ್ಳೆ ಪ್ರಶ್ನೆ. ಎಡ್ಡಿ ಕ್ಲೈನ್, ಕ್ಲೈಡ್ ಬ್ರಕ್‌ಮನ್ ಇಂಥವರ ಹೆಸರು ಅವನ ಜೊತೆ ಬರುತ್ತೆ, ಕೆಲವು ಕಡೆ ಅವನ ಹೆಸರೇ ಇರಲ್ಲ, ‘ಸ್ಟೀಮ್‌ಬೋಟ್ ಬಿಲ್’ಗೆ ಚಾರ್ಲ್ಸ್ ರೈಸ್ನರ್ ಹೆಸರು ಮಾತ್ರ ಇದೆ. ಅವರೆಲ್ಲ ಒಳ್ಳೆ ಕೆಲಸಗಾರರು, ಆದ್ರೆ ಕ್ಯಾಮೆರಾ ಎಲ್ಲಿಡಬೇಕು, ಗ್ಯಾಗ್, ಅಂದ್ರೆ ನಗಿಸೋ ತುಣುಕು, ಹೇಗೆ ಬೆಳೀಬೇಕು, ಎಲ್ಲಿ ಕಟ್ ಮಾಡಬೇಕು ಅನ್ನೋದನ್ನೆಲ್ಲ ತೀರ್ಮಾನ ಮಾಡ್ತಿದ್ದಿದ್ದು ಕೀಟನ್ನೇ. ಆ ಹತ್ತು ಹನ್ನೆರಡು ಸಿನಿಮಾ ಸಾಲಾಗಿ ನೋಡಿದ್ರೆ ನಿಮಗೇ ಗೊತ್ತಾಗುತ್ತೆ, ಎಲ್ಲದರಲ್ಲೂ ಒಂದೇ ಕಣ್ಣು.

1917ರಲ್ಲಿ ನ್ಯೂಯಾರ್ಕಲ್ಲಿ ವಾರಕ್ಕೆ 250 ಡಾಲರ್ ಸ್ಟೇಜ್ ಕೆಲಸ ಕೈಯಲ್ಲಿತ್ತು. ಅಷ್ಟರಲ್ಲಿ ಆರ್ಬಕಲ್ ತನ್ನ ಸ್ಟುಡಿಯೋಗೆ ಬಾ ಅಂತ ಕರೆದ. ಕೀಟನ್ ಹೋಗಿ ಮೊದಲು ಮಾಡಿದ್ದೇ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳ್ಳೋದು, ಒಂದು ಕ್ಯಾಮೆರಾನ ರೂಮಿಗೆ ತಗೊಂಡು ಹೋಗಿ ಪೂರ್ತಿ ಬಿಚ್ಚಿ ಮತ್ತೆ ಜೋಡಿಸ್ದ. ಆ 250 ಬಿಟ್ಟು ವಾರಕ್ಕೆ 40 ಡಾಲರ್‌ಗೆ ಸಿನಿಮಾ ಸೇರ್ಕೊಂಡ.

1921ರ ‘ದಿ ಪ್ಲೇಹೌಸ್’ ನೋಡಿ. ಅದರಲ್ಲಿ ಸ್ಟೇಜ್ ಮೇಲೆ ಒಂದೇ ಸಲ ಒಂಬತ್ತು ಜನ ಕೀಟನ್ ಕಾಣ್ತಾರೆ. ಲೆನ್ಸ್ ಮುಂದೆ ಒಂದು ಪೆಟ್ಟಿಗೆ, ಅದಕ್ಕೆ ಪಟ್ಟಿ ಪಟ್ಟಿಯಾಗಿ ಒಂಬತ್ತು ಮುಚ್ಚಳ, ಒಂದು ಪಟ್ಟಿ ತೆಗೆದು ಅಷ್ಟು ಭಾಗ ಮಾತ್ರ ಶೂಟ್ ಮಾಡೋದು, ಫಿಲ್ಮ್ ಹಿಂದಕ್ಕೆ ಸುತ್ತೋದು, ಆ ಪಟ್ಟಿ ಮುಚ್ಚಿ ಪಕ್ಕದ್ದು ತೆಗೆಯೋದು, ಹೀಗೆ ಒಂಬತ್ತು ಸಲ. ಕ್ಯಾಮೆರಾಮನ್ ಎಲ್ಜಿನ್ ಲೆಸ್ಲಿ ಕೈಯಲ್ಲೇ ಹಿಡಿ ತಿರುಗಿಸಬೇಕು, ಮೋಟಾರ್ ಇಲ್ಲ, ಒಂಬತ್ತು ಸಲವೂ ಒಂದೇ ವೇಗ ಇರಬೇಕು, ಒಂದು ಸಲ ಏರುಪೇರಾದ್ರೆ ಹಿಂದಿನ ಎಂಟೂ ದಂಡ. ಕೀಟನ್ ಡ್ಯಾನ್ಸ್ ಹೆಜ್ಜೆ ತಾಳಕ್ಕೆ ಸರಿಯಾಗಿ ಬರಲಿ ಅಂತ ಪಕ್ಕದಲ್ಲಿ ಬ್ಯಾಂಜೋ ನುಡಿಸೋನನ್ನ ಕೂರಿಸಿದ್ರು. ಅಂದ್ರೆ ಟ್ರಿಕ್ ಅಂದ್ರೆ ಅವನಿಗೆ ಆಗಲ್ಲ ಅಂತಲ್ಲ, ಕತೆ ಕನಸಿನದ್ದಾದ್ರೆ ಟ್ರಿಕ್ ಮಾಡ್ತಿದ್ದ, ಮೈ ಬೀಳೋದು ಓಡೋದು ಇದ್ರೆ ಮಾತ್ರ ಟ್ರಿಕ್ ಬೇಡ.

ಹಾಗೆ ಮಾಡಿದ್ದಕ್ಕೆ ಬೆಲೆನೂ ಕೊಟ್ಟ. 1924ರ ‘ಷರ್ಲಾಕ್ ಜೂನಿಯರ್’ನಲ್ಲಿ ರೈಲಿಗೆ ನೀರು ತುಂಬೋ ಕೊಳವೆಗೆ ಜೋತು ಬೀಳುವಾಗ ನೀರಿನ ರಭಸಕ್ಕೆ ಕೆಳಗೆ ಬಿದ್ದು ಕತ್ತು ಹಳಿಗೆ ಬಡೀತು, ಕೆಲವು ದಿನ ತಲೆನೋವು ಅಂತ ಸುಮ್ಮನಾದ, ವರ್ಷಗಟ್ಟಲೆ ಆದ್ಮೇಲೆ ಎಕ್ಸ್‌ರೇ ತೆಗೆದ ಡಾಕ್ಟರ್ ಕತ್ತಿನ ಮೂಳೆ ಯಾವಾಗ ಮುರಿದಿತ್ತು ಅಂತ ಕೇಳಿದಾಗಲೇ ಅವನಿಗೆ ಗೊತ್ತಾಗಿದ್ದು. ಆ ಶಾಟ್ ಸಿನಿಮಾದಲ್ಲಿ ಹಾಗೇ ಇದೆ.

ಪ್ರಶ್ನೆ: ಮೂಕಿ ಸಿನಿಮಾದಲ್ಲಿ ಎಲ್ಲರೂ ಗಡಿಬಿಡಿಯಲ್ಲಿ ಓಡ್ತಾರಲ್ಲ, ಯಾಕೆ?

ಆಗ ಕ್ಯಾಮೆರಾ ಕೈಯಲ್ಲಿ ತಿರುಗಿಸ್ತಿದ್ರು, ಸೆಕೆಂಡಿಗೆ ಹದಿನಾರರಿಂದ ಇಪ್ಪತ್ತರ ಆಚೀಚೆ ಫ್ರೇಮ್ ಆಗ್ತಿತ್ತು, ಒಂದೇ ಅಳತೆ ಅಂತ ಇರ್ಲಿಲ್ಲ. ಟಾಕಿ ಬಂದ ಮೇಲೆ 24 ಫ್ರೇಮ್ ಅಂತ ಗಟ್ಟಿಯಾಯ್ತು. ಹಳೇದನ್ನ ಹೊಸ ವೇಗದಲ್ಲಿ ಓಡಿಸಿದ್ರೆ ಎಲ್ಲರೂ ಕುಣಿದ ಹಾಗೆ ಕಾಣ್ತಾರೆ. ಚೇಸ್ ಸೀನ್‌ಗಳಲ್ಲಿ ಬೇಕಂತಲೇ ನಿಧಾನ ತಿರುಗಿಸಿ ವೇಗ ಹೆಚ್ಚಿಸ್ತಿದ್ರು ಅನ್ನೋದೂ ಇದೆ. ಒಳ್ಳೆ ರಿಸ್ಟೋರ್ ಆದ ಪ್ರಿಂಟ್ ನೋಡಿದ್ರೆ ಈ ಗಡಿಬಿಡಿ ತುಂಬಾ ಕಮ್ಮಿ ಇರುತ್ತೆ.

ಪ್ರಶ್ನೆ: ‘ದಿ ಜನರಲ್’ ಅಷ್ಟು ದೊಡ್ಡ ಸಿನಿಮಾ ಅಂತಾರೆ, ಆಗ ಫ್ಲಾಪ್ ಆಯ್ತಂತೆ ಹೌದಾ?

ಹೌದು. ಅಮೆರಿಕದ ಅಂತರ್ಯುದ್ಧದಲ್ಲಿ, 1862ರಲ್ಲಿ, ಉತ್ತರದ ಸೈನಿಕರು ದಕ್ಷಿಣದವರ ರೈಲು ಕದ್ದ ನಿಜವಾದ ಘಟನೆ ಅದಕ್ಕೆ ಆಧಾರ. 1926ರಲ್ಲಿ ಆರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಅನ್ನೋ ಊರಲ್ಲಿ ಶೂಟಿಂಗ್, ಹಳೇ ಕಾಲದ ಹಳಿ ಮಾದರಿ ಅಲ್ಲಿ ಇನ್ನೂ ಉಳ್ಕೊಂಡಿತ್ತು. ಉರಿಯೋ ಸೇತುವೆ ಮೇಲಿಂದ ನಿಜವಾದ ರೈಲು ಎಂಜಿನ್ ನದಿಗೆ ಬೀಳೋ ಒಂದು ಶಾಟ್‌ಗೇ ಸುಮಾರು 42,000 ಡಾಲರ್ ಖರ್ಚು, ಮೂಕಿ ಕಾಲದ ಅತಿ ದುಬಾರಿ ಶಾಟ್ ಅಂತ ಅದಕ್ಕೆ ಹೆಸರು. ಎಂಜಿನ್ ಎರಡನೇ ಮಹಾಯುದ್ಧದ ತನಕ ಆ ನದಿಯಲ್ಲೇ ಬಿದ್ದಿತ್ತು, ಆಮೇಲೆ ಗುಜರಿಗೆ ಹೋಯ್ತು.

ಆಗಿನ ವಿಮರ್ಶಕರು ಚೆನ್ನಾಗಿ ಬೈದ್ರು, ಯುದ್ಧದಲ್ಲಿ ಜನ ಸಾಯೋದನ್ನ ತೋರಿಸಿ ನಗಿಸೋದಾ ಅಂತ. ಕಲೆಕ್ಷನ್ ಹಾಕಿದ ದುಡ್ಡಿಗೆ ಹತ್ತಿರನೂ ಬರ್ಲಿಲ್ಲ. ದಕ್ಷಿಣದ ಪಡೆಯವನನ್ನ ಹೀರೋ ಮಾಡಿದ್ದು, ಗುಲಾಮಗಿರಿ ಬಗ್ಗೆ ಮಾತೇ ಎತ್ತದೇ ಇದ್ದಿದ್ದು ಇವತ್ತು ನೋಡಿದ್ರೆ ಚುಚ್ಚುತ್ತೆ, ಅದನ್ನ ಮುಚ್ಚಿಡೋದು ಬೇಡ. ಆದ್ರೆ ಅವನು ತನ್ನ ಸಿನಿಮಾಗಳಲ್ಲೆಲ್ಲ ಹೆಚ್ಚು ಹೆಮ್ಮೆ ಪಟ್ಟಿದ್ದು ಇದರ ಬಗ್ಗೆನೇ. ಓಡ್ತಿರೋ ಎಂಜಿನ್ನಿನ ಮುಂಭಾಗಕ್ಕೆ ಹಾಕಿರೋ ಜಾಲರಿ ಮೇಲೆ ಕೂತು, ಕೈಲಿರೋ ಒಂದು ಮರದ ದಿಮ್ಮಿಯನ್ನ ಎಸೆದು ಹಳಿ ಮೇಲಿರೋ ಇನ್ನೊಂದು ದಿಮ್ಮಿಯನ್ನ ಚಿಮ್ಮಿಸಿ ಪಕ್ಕಕ್ಕೆ ಬೀಳಿಸ್ತಾನಲ್ಲ, ಗುರಿ ತಪ್ಪಿದ್ರೆ ಎಂಜಿನ್ ಹಳಿ ಬಿಡ್ತಿತ್ತು, ಅಲ್ಲೂ ಕಟ್ ಇಲ್ಲ. 1989ರಲ್ಲಿ ಅಮೆರಿಕ ಸರ್ಕಾರ ಉಳಿಸಬೇಕಾದ ಸಿನಿಮಾಗಳು ಅಂತ ಮೊದಲ 25 ಆರಿಸಿದಾಗ ಅದರಲ್ಲಿ ಇದೂ ಒಂದು.

ಪ್ರಶ್ನೆ: ಟಾಕಿ ಬಂದಿದ್ದಕ್ಕೆ ಕೀಟನ್ ಮುಳುಗಿಹೋದ ಅಂತ ಎಲ್ಲ ಕಡೆ ಓದಿದೀನಿ. ಅವನ ದನಿ ಚೆನ್ನಾಗಿರ್ಲಿಲ್ವಾ?

ಇದನ್ನ ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತೆ, ನಿಮ್ಮ ಮೇಲಲ್ಲ, ಈ ಮಾತನ್ನ ಹಾಗೇ ನಕಲು ಮಾಡ್ತಾ ಬಂದವರ ಮೇಲೆ. ಸ್ವಲ್ಪ ಒರಟಾದ ಗಟ್ಟಿ ದನಿ ಅವನದ್ದು, ಮುಖಕ್ಕೆ ಚೆನ್ನಾಗೇ ಹೊಂದ್ತಿತ್ತು. ಹದಿನೇಳು ವರ್ಷ ಸ್ಟೇಜ್ ಮೇಲೆ ಇದ್ದವನಿಗೆ ಮಾತಾಡೋದು ಕಷ್ಟನಾ? 1929ರ ‘ಸ್ಪೈಟ್ ಮ್ಯಾರೇಜ್’ನ ಸೌಂಡ್ ಹಾಕಿ ಮಾಡೋಣ ಅಂತ ಅವನೇ ಕೇಳ್ಕೊಂಡಿದ್ದ, ಬೇಡ ಅಂದಿದ್ದು ಸ್ಟುಡಿಯೋ.

ಮುಳುಗಿಸಿದ್ದು 1928ರಲ್ಲಿ ಆಗಿದ್ದು. ಅಲ್ಲಿವರೆಗೂ ಪ್ರೊಡ್ಯೂಸರ್ ಜೋಸೆಫ್ ಸ್ಕೆಂಕ್ ಕೀಟನ್‌ಗೆ ಒಂದು ಪುಟ್ಟ ಸ್ಟುಡಿಯೋ ಕೊಟ್ಟಿದ್ದ, ಒಂದೇ ತಂಡ, ಅದೇ ಕ್ಯಾಮೆರಾಮನ್, ಅದೇ ಸೆಟ್ ಕಟ್ಟೋ ಫ್ರೆಡ್ ಗೇಬುರಿ, ಅದೇ ಗ್ಯಾಗ್ ಬರೆಯೋರು. ಬರೆದ ಸ್ಕ್ರಿಪ್ಟ್ ಇರ್ತಿರ್ಲಿಲ್ಲ, ಕತೆಗೆ ಒಂದು ಶುರು ಒಂದು ಕೊನೆ ಸಿಕ್ಕಿದ್ರೆ ಸಾಕು, ಮಧ್ಯದ್ದು ತಾನಾಗಿ ಬರುತ್ತೆ ಅಂತ ಹೊರಡ್ತಿದ್ರು, ಎಲ್ಲಾದ್ರೂ ಸಿಕ್ಕಾಕೊಂಡ್ರೆ ಕ್ಯಾಮೆರಾ ನಿಲ್ಲಿಸಿ ಎಲ್ಲರೂ ಬೇಸ್‌ಬಾಲ್ ಆಡೋಕೆ ಹೋಗ್ತಿದ್ರು, ಆಡ್ತಾ ಆಡ್ತಾ ಯಾರಿಗಾದ್ರೂ ಐಡಿಯಾ ಹೊಳೆಯೋದು. ಆ ಸ್ಟುಡಿಯೋ ಮುಚ್ಚಿ ಸ್ಕೆಂಕ್ ಅವನನ್ನ ಎಂಜಿಎಂ ಅನ್ನೋ ಹಾಲಿವುಡ್‌ನ ದೊಡ್ಡ ಸ್ಟುಡಿಯೋಗೆ ದಾಟಿಸ್ದ. ಹೋಗಬೇಡ ಅಂತ ಚಾಪ್ಲಿನ್ ಹೇಳ್ದ, ಮೂಕಿ ಕಾಲದ ಇನ್ನೊಬ್ಬ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಹೇಳ್ದ. ವಾರಕ್ಕೆ 3,000 ಡಾಲರ್ ಸಂಬಳ, ಕೀಟನ್ ಸಹಿ ಹಾಕ್ದ. ತನ್ನ ಜೀವನದ ಅತಿ ದೊಡ್ಡ ತಪ್ಪು ಅಂತ ಆತ್ಮಕತೆಲಿ ಬರ್ಕೊಂಡಿದ್ದಾನೆ.

ಎಂಜಿಎಂಲಿ ಎಲ್ಲ ಮೊದಲೇ ಬರೆದಿರಬೇಕು, ಹತ್ತು ಜನ ಓದಿ ಒಪ್ಪಬೇಕು, ಒಬ್ಬೊಬ್ಬರಿಗೂ ಒಂದೊಂದು ಅಭಿಪ್ರಾಯ. ಅಪಾಯದ ಸಾಹಸ ಬೇಡ ಅಂದ್ರು, ತಂಡವನ್ನ ಒಡೆದು ಹಂಚಿದ್ರು. ಮೊದಲನೇದು ‘ದಿ ಕ್ಯಾಮೆರಾಮನ್’ ಹೇಗೋ ಜಗಳ ಆಡಿ ತನ್ನ ಥರನೇ ಮಾಡ್ಕೊಂಡ, ಅದು ಅದ್ಭುತವಾಗಿದೆ. ಆಮೇಲೆ ಅವನ ಕೈಯಲ್ಲಿ ಏನೂ ಉಳೀಲಿಲ್ಲ. ಡಬ್ಬಿಂಗ್ ಇನ್ನೂ ಸರಿಯಾಗಿ ಬಂದಿರದ ಕಾಲ, ಒಂದೇ ಸೀನನ್ನ ಇಂಗ್ಲಿಷಲ್ಲಿ ಮಾಡಿ, ಮತ್ತೆ ಸ್ಪ್ಯಾನಿಷ್, ಫ್ರೆಂಚ್, ಜರ್ಮನಲ್ಲಿ ಉಚ್ಚಾರಣೆ ಕಂಠಪಾಠ ಮಾಡಿ ಮತ್ತೆ ಮತ್ತೆ ಮಾಡಿಸ್ತಿದ್ರು. ಬೇಜಾರಿನ ವಿಷಯ ಏನಂದ್ರೆ ಆ ಸಪ್ಪೆ ಟಾಕಿಗಳು ದುಡ್ಡು ಮಾಡಿದ್ವು, ‘ದಿ ಜನರಲ್’ಗೆ ಬರದ ಜನ ಇವಕ್ಕೆ ಬಂದ್ರು, ಹಾಗಿದ್ಮೇಲೆ ಕೀಟನ್ ಮಾತನ್ನ ಯಾರು ಕೇಳ್ತಾರೆ. ಕುಡಿತ ಹೆಚ್ಚಾಯ್ತು. 1921ರಲ್ಲಿ ಮದುವೆಯಾಗಿದ್ದ ನಟಾಲಿ ಟಾಲ್‌ಮಡ್ಜ್ 1932ರಲ್ಲಿ ವಿಚ್ಛೇದನ ತಗೊಂಡ್ಳು, ಇಬ್ಬರು ಗಂಡುಮಕ್ಕಳ ಮನೆತನದ ಹೆಸರೂ ಬದಲಾಯ್ತು. 1933ರಲ್ಲಿ ಎಂಜಿಎಂ ಕೆಲಸದಿಂದ ತೆಗೀತು. ಕೆಲವು ವರ್ಷ ಆದ್ಮೇಲೆ ಅದೇ ಎಂಜಿಎಂಲಿ ಬೇರೆಯವರ ಸಿನಿಮಾಗೆ ಗ್ಯಾಗ್ ಬರೆಯೋ ಕೆಲಸಕ್ಕೆ ವಾರಕ್ಕೆ 100 ಡಾಲರ್‌ಗೆ ಸೇರ್ಕೊಂಡ. 3,000 ಎಲ್ಲಿ, 100 ಎಲ್ಲಿ. ದನಿಗೂ ಇದಕ್ಕೂ ಏನು ಸಂಬಂಧ? ತನ್ನ ಸಿನಿಮಾನ ತಾನು ಮಾಡ್ಕೊಳ್ಳೋ ಸ್ವಾತಂತ್ರ್ಯ ಕಿತ್ಕೊಂಡಿದ್ದೇ ಅವನನ್ನ ಮುರಿದಿದ್ದು.

ಪ್ರಶ್ನೆ: ಚಾಪ್ಲಿನ್ ದೊಡ್ಡವನೋ, ಕೀಟನ್ ದೊಡ್ಡವನೋ? ಇಬ್ಬರೂ ಜೊತೆಗೆ ನಟಿಸಿದ್ದಾರಾ?

ಯಾರು ದೊಡ್ಡವರು ಅನ್ನೋ ಲೆಕ್ಕ ನನಗೆ ಇಷ್ಟ ಇಲ್ಲ. ಚಾಪ್ಲಿನ್ ಮುಖದ ಹತ್ತಿರ ಬಂದು ಎದೆ ಹಿಂಡ್ತಾನೆ, ಕೀಟನ್ ದೂರ ನಿಂತು ಜಗತ್ತಿನ ಮುಂದೆ ಮನುಷ್ಯ ಎಷ್ಟು ಚಿಕ್ಕವನು ಅಂತ ತೋರಿಸ್ತಾನೆ, ಆದ್ರೂ ಆ ಚಿಕ್ಕ ಮನುಷ್ಯ ಸೋಲು ಒಪ್ಪಲ್ಲ. ನನ್ನ ಮನಸ್ಸು ಕೀಟನ್ ಕಡೆಗೇ ಅಂತ ಇಷ್ಟೊತ್ತಿಗೆ ನಿಮಗೆ ಗೊತ್ತಾಗಿರುತ್ತೆ. ಇಬ್ಬರೂ ಒಟ್ಟಿಗೆ ಕಾಣಿಸ್ಕೊಂಡಿದ್ದು ಒಂದೇ ಸಿನಿಮಾ, 1952ರ ಚಾಪ್ಲಿನ್‌ನ ‘ಲೈಮ್‌ಲೈಟ್’, ಚಾಪ್ಲಿನ್ ಪಿಟೀಲು, ಕೀಟನ್ ಪಿಯಾನೋ. ಜಾರಿ ಜಾರಿ ಬೀಳೋ ಸಂಗೀತದ ಹಾಳೆಗಳ ಜೊತೆ ಕೀಟನ್ ಒದ್ದಾಡೋದನ್ನ ನೋಡಿ, ಮಾತೇ ಬೇಕಾಗಿಲ್ಲ.

ಪ್ರಶ್ನೆ: ಕೊನೆಗಾಲದಲ್ಲಿ ಯಾರೂ ಕೇಳೋರಿಲ್ಲದೆ, ಕೈಲಿ ಕಾಸಿಲ್ಲದೆ ಸತ್ತ ಅಂತಾರಲ್ಲ?

ಇದೂ ತಪ್ಪು. 1930ರ ದಶಕ ಅವನಿಗೆ ನರಕ, ನಿಜ. ಆದ್ರೆ 1940ರಲ್ಲಿ ಎಲೀನರ್ ನಾರಿಸ್ ಅನ್ನೋ ಡ್ಯಾನ್ಸರ್ ಜೊತೆ ಮದುವೆ ಆಯ್ತು, ಅವಳಿಗೆ 21, ಅವನಿಗೆ 44, ತುಂಬಾ ಜನ ಬೇಡ ಅಂದಿದ್ರು, ಕೊನೇ ಉಸಿರಿನ ತನಕ ಜೊತೆಗಿದ್ದಿದ್ದು ಅವಳೇ. ಪ್ಯಾರಿಸಿನ ಮೆದ್ರಾನೋ ಸರ್ಕಸ್ಸಲ್ಲಿ ಆಟ ಮಾಡ್ದ, ಟಿವಿಲಿ ಬಂದ, ಜಾಹೀರಾತು ಮಾಡ್ದ. ತನ್ನ ಬದುಕಿನ ಕತೆಯನ್ನ ಸಿನಿಮಾ ಮಾಡೋಕೆ ಕೊಟ್ಟು ಬಂದ ದುಡ್ಡಲ್ಲಿ ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಮನೆ ತಗೊಂಡ, ಕೋಳಿ ಸಾಕ್ದ, ಆಟದ ರೈಲು ಓಡಿಸ್ದ.

ಕಳೆದೇ ಹೋದ್ವು ಅಂದ್ಕೊಂಡಿದ್ದ ಸಿನಿಮಾಗಳ ಪ್ರಿಂಟ್ ಕೆಲವು ಅವನ ಹಳೇ ಬಂಗಲೆಯಲ್ಲೇ ಸಿಕ್ವು, ಆ ಮನೆ ಆಗ ನಟ ಜೇಮ್ಸ್ ಮೇಸನ್‌ದಾಗಿತ್ತು. ನೈಟ್ರೇಟ್ ಫಿಲ್ಮ್ ಅದು, ಇಟ್ಟಲ್ಲೇ ಕೊಳೆತು ಹೋಗುತ್ತೆ, ಬೆಂಕಿ ತಗುಲಿದ್ರೆ ಆರಿಸೋಕಾಗಲ್ಲ. ರೇಮಂಡ್ ರೋಹಾವರ್ ಅನ್ನೋ ಥಿಯೇಟರ್ ನಡೆಸೋನು ಕಾಪಿ ಮಾಡಿಸಿ ಮತ್ತೆ ತೋರಿಸೋಕೆ ಶುರು ಮಾಡ್ದ. 1960ರಲ್ಲಿ ಆಸ್ಕರ್ ಗೌರವ ಪ್ರಶಸ್ತಿ. 1965ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು.

ಆ ವರ್ಷ ಬಂದ ಕೆನಡಾದ ಕಿರುಚಿತ್ರ ‘ದಿ ರೈಲ್‌ರಾಡರ್’ ಬಗ್ಗೆ ಹೇಳ್ಲೇಬೇಕು. ಹಳಿ ಮೇಲೆ ಓಡೋ ಪುಟ್ಟ ಗಾಡಿಲಿ ಕೂತು ಕೆನಡಾನ ಒಂದು ಸಮುದ್ರದಿಂದ ಇನ್ನೊಂದು ಸಮುದ್ರಕ್ಕೆ ದಾಟೋ ಕತೆ, ಮಾತಿಲ್ಲ. ಎತ್ತರದ ಸೇತುವೆ ಮೇಲೆ ಹೋಗುವಾಗ ದೊಡ್ಡ ಮ್ಯಾಪ್ ಗಾಳಿಗೆ ಹಾರಿ ಮೈಗೆಲ್ಲ ಸುತ್ಕೊಳ್ಳೋ ಗ್ಯಾಗ್ ಕೀಟನ್ ಹೇಳ್ದ, ಚಿಕ್ಕ ವಯಸ್ಸಿನ ನಿರ್ದೇಶಕ ಜೆರಾಲ್ಡ್ ಪಾಟರ್‌ಟನ್ ಅಪಾಯ ಅಂತ ಒಪ್ಪಲಿಲ್ಲ, ಎಪ್ಪತ್ತರ ಹತ್ತಿರ ಇದ್ದ ಮುದುಕ ಮುನಿಸ್ಕೊಂಡು ಕೂತ, ಕೊನೆಗೆ ಅವನು ಹೇಳಿದ ಹಾಗೇ ತೆಗೆದ್ರು. ಈ ಜಗಳನೂ ಶೂಟಿಂಗ್ ಬಗ್ಗೆ ಮಾಡಿದ ಡಾಕ್ಯುಮೆಂಟರಿಲಿ ಇದೆ, ನೋಡಿ, ನಲವತ್ತು ವರ್ಷ ಯಾರೂ ಕೇಳದೆ ಇದ್ದ ನಿರ್ದೇಶಕ ಹಾಗೇ ಉಳ್ಕೊಂಡಿದ್ದ. 1966ರ ಫೆಬ್ರವರಿ 1ರಂದು ಶ್ವಾಸಕೋಶದ ಕ್ಯಾನ್ಸರಿಂದ ತೀರ್ಕೊಂಡ.

ಪ್ರಶ್ನೆ: ಮನೇಲಿ ಮಕ್ಕಳ ಜೊತೆ ಕೂತು ನೋಡೋಕೆ ಯಾವುದರಿಂದ ಶುರು ಮಾಡ್ಲಿ?

‘ಒನ್ ವೀಕ್’ನಿಂದ. ಬಿಡಿ ಭಾಗಗಳಾಗಿ ಬಂದ ಮನೆಯನ್ನ ಹೊಸ ಗಂಡ ಹೆಂಡತಿ ಜೋಡಿಸ್ತಾರೆ, ಪೆಟ್ಟಿಗೆ ಮೇಲಿನ ನಂಬರ್ ಯಾರೋ ಬದಲಾಯಿಸಿರ್ತಾರೆ, ಇಪ್ಪತ್ತು ಚಿಲ್ಲರೆ ನಿಮಿಷ ಅಷ್ಟೇ. ಮಕ್ಕಳಿಗೆ ಹಿಡಿಸಿದ್ರೆ ‘ಷರ್ಲಾಕ್ ಜೂನಿಯರ್’, ಮುಕ್ಕಾಲು ಗಂಟೆ, ಸಿನಿಮಾ ತೋರಿಸೋ ಹುಡುಗ ಕನಸಲ್ಲಿ ಪರದೆ ಒಳಗೇ ನಡ್ಕೊಂಡು ಹೋಗ್ತಾನೆ. ಆಮೇಲೆ ‘ಸ್ಟೀಮ್‌ಬೋಟ್ ಬಿಲ್’. ‘ದಿ ಜನರಲ್’ ಸ್ವಲ್ಪ ತಡವಾಗಿ ತೋರಿಸಿ, ಅದರ ನಗು ನಿಧಾನಕ್ಕೆ ಏರೋದು. ಎಲ್ಲವೂ ಆನ್‌ಲೈನಲ್ಲಿ ಸಿಗುತ್ತೆ, ಆದ್ರೆ ಮಸುಕಾದ ಕಾಪಿಗಳೂ ಬೇಕಾದಷ್ಟಿವೆ, ರಿಸ್ಟೋರ್ ಆಗಿರೋದನ್ನೇ ಹುಡುಕಿ. ಹಿನ್ನೆಲೆ ಸಂಗೀತ ಒಂದೊಂದು ಕಾಪಿಲಿ ಒಂದೊಂದು ಥರ ಇರುತ್ತೆ, ಕಿರಿಕಿರಿ ಅನ್ಸಿದ್ರೆ ಬೇರೆ ಕಾಪಿ ಹಾಕಿ, ಇಲ್ಲ ಸೌಂಡ್ ಪೂರ್ತಿ ತೆಗೆದು ನೋಡಿ, ಏನೂ ಕಮ್ಮಿ ಆಗಲ್ಲ.